ದಂಡ ಕಟ್ಟಿದ ಮೇಲೆ ಒಳರಸ್ತೆ ಕಲಿಯುತ್ತಾರೆ

ಮಂಗಳೂರಿನ ಒಂದು ವ್ಯಸನ ಚಿಕಿತ್ಸಾ ಕೇಂದ್ರದಲ್ಲಿ ಆಪ್ತಸಮಾಲೋಚಕನ ಕೆಲಸ ನನ್ನದು. ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದವರನ್ನು ಗುಂಪಾಗಿ ಕೂರಿಸಿ ಮಾತಾಡಿಸುವುದು ಅದರಲ್ಲಿ ಒಂದು ಭಾಗ. ತಾವಾಗಿ ಬರುವವರು ಕಡಿಮೆ. ವಕೀಲರು ಹೇಳಿದರೆಂದು, ಹೆಂಡತಿ ಹಠ ಹಿಡಿದಳೆಂದು, ಬಸ್ಸಿನ ಧಣಿ ಕಳಿಸಿದರೆಂದು ಬರುತ್ತಾರೆ.

ಬಂದವರು ಮೊದಲು ಹೇಳುವ ಮಾತು ಹೆಚ್ಚು ಕಡಿಮೆ ಒಂದೇ: ‘ಆ ದಿನ ನನ್ನ ಗ್ರಾಚಾರ ಸರಿ ಇರಲಿಲ್ಲ ಮಾರಾಯ್ರೆ.’ ಅಂದರೆ ಕುಡಿದದ್ದಲ್ಲ, ಓಡಿಸಿದ್ದೂ ಅಲ್ಲ, ಸಿಕ್ಕಿದ್ದು ಮಾತ್ರ ತೊಂದರೆ. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಅವರಿಗೆ ಬಾಯಿಪಾಠ. 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಕೇಸು. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಮತ್ತೆ ಸಿಕ್ಕಿದರೆ 15,000, ಜೈಲು ಎರಡು ವರ್ಷದವರೆಗೆ. ಹೆಲ್ಮೆಟ್ ದಂಡದ ಹಾಗೆ ರಸ್ತೆಯಲ್ಲೇ ಕಟ್ಟಿ ಹೋಗುವ ಹಾಗಿಲ್ಲ, ಕೋರ್ಟಿಗೇ ಹೋಗಬೇಕು. ಇಷ್ಟೆಲ್ಲ ಅನುಭವಿಸಿದವರು ಏನು ಕಲಿತಿದ್ದಾರೆ ಎಂದು ಕೇಳಿದರೆ ಉತ್ತರ ಪ್ರಾಮಾಣಿಕವಾಗಿಯೇ ಬರುತ್ತದೆ: ‘ನಂತೂರಲ್ಲಿ ಪೊಲೀಸರು ನಿಂತಿದ್ದಾರೆ’ ಎಂಬ ವಾಟ್ಸಾಪ್ ಮೆಸೇಜು ನೋಡಿಕೊಂಡು ಒಳರಸ್ತೆ ಹಿಡಿಯಬೇಕು!

ಇಂಥವರಿಗೆ ಅಪಘಾತದ ಫೋಟೊ ತೋರಿಸುವುದರಲ್ಲಿ ನನಗೆ ನಂಬಿಕೆ ಇಲ್ಲ. ಕೋಣೆ ಹತ್ತು ನಿಮಿಷ ಗಪ್‌ಚಿಪ್ ಆಗುತ್ತದೆ, ಆಮೇಲೆ ಯಾರಾದರೊಬ್ಬರು ‘ಅವನಿಗೆ ಓಡಿಸಲಿಕ್ಕೇ ಬರ್ತಿರಲಿಲ್ಲ’ ಎನ್ನುತ್ತಾರೆ. ಅಮೆರಿಕದಲ್ಲಿ ಮನೆಯವರನ್ನು ಕಳೆದುಕೊಂಡವರನ್ನೇ ಕರೆಸಿ, ತಪ್ಪಿತಸ್ಥರ ಎದುರು ಮಾತಾಡಿಸುವ ಕಾರ್ಯಕ್ರಮಗಳು 1980ರ ದಶಕದಿಂದ ನಡೆಯುತ್ತಿವೆ. ಕೇಳಿದವರ ಕಣ್ಣು ಒದ್ದೆಯಾಗುತ್ತದೆ, ಆದರೆ ಅದರಿಂದ ಮತ್ತೆ ಕುಡಿದು ಓಡಿಸುವುದು ಕಡಿಮೆಯಾಯಿತು ಎನ್ನಲು ಅಧ್ಯಯನಗಳಲ್ಲಿ ಗಟ್ಟಿ ಆಧಾರ ಸಿಕ್ಕಿಲ್ಲ.

ನಮ್ಮಲ್ಲಿ ಜನ ಎದ್ದು ಕೂರುವುದು ಲೆಕ್ಕ ಹಾಕುವಾಗ. ಶೇ. 42.8ರ ವಿಸ್ಕಿಯ 30 ಮಿಲಿಯಲ್ಲಿ ಸುಮಾರು 10 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. ಒಂದು ಕ್ವಾರ್ಟರ್, ಅಂದರೆ 180 ಮಿಲಿ, ಎಂದರೆ 60 ಗ್ರಾಂ. ‘ನಾನು ಬಿಯರ್ ಮಾತ್ರ’ ಎನ್ನುವವರಿಗೆ ಬೋರ್ಡಿನಲ್ಲಿ ಬೇರೆ ಲೆಕ್ಕ: ಶೇ. 8ರ ಸ್ಟ್ರಾಂಗ್ ಬಿಯರ್ 650 ಮಿಲಿ ಬಾಟಲಿಯಲ್ಲಿ 40 ಗ್ರಾಂ, ಅಂದರೆ ನಾಲ್ಕು ಸ್ಮಾಲ್ ಪೆಗ್. 70 ಕಿಲೋ ತೂಕದ ಗಂಡಸು ರಾತ್ರಿ ಹನ್ನೊಂದಕ್ಕೆ ಕ್ವಾರ್ಟರ್ ಮುಗಿಸಿದರೆ ರಕ್ತದಲ್ಲಿ ಅಂದಾಜು 125 ಮಿಲಿಗ್ರಾಂವರೆಗೆ ಏರುತ್ತದೆ. ಇಳಿಯುವುದು ಗಂಟೆಗೆ ಹೆಚ್ಚು ಕಡಿಮೆ 15. ಬೆಳಗಿನ ಜಾವ ಐದಕ್ಕೆ ಎಷ್ಟು ಉಳಿಯಿತು? 35. ಇನ್ನೂ ಕೇಸೇ.

ಅಲ್ಲಿ ಬಸ್ ಡ್ರೈವರುಗಳ ಮುಖ ನೋಡಬೇಕು. ಮೊದಲ ಟ್ರಿಪ್ಪಿನವರು ರಾತ್ರಿ ಕುಡಿದದ್ದನ್ನು ‘ನಿನ್ನೆಯದು’ ಎಂದೇ ಎಣಿಸಿರುತ್ತಾರೆ. ಮಲಗಿ ಎದ್ದೆ, ತಲೆಗೆ ನೀರು ಹಾಕಿದೆ, ಕಡಕ್ ಕಾಫಿ ಕುಡಿದೆ, ಲಿಂಬೆ ಶರಬತ್ತೂ ಆಯಿತು, ಇನ್ನೇನು ಬಾಕಿ? ಬಾಕಿ ಇರುವುದು ಪಿತ್ತಜನಕಾಂಗದ ಕೆಲಸ. ಅದಕ್ಕೆ ಕಾಫಿಯ ಅವಸರ ತಾಗುವುದಿಲ್ಲ. ಎರಡು ಕ್ವಾರ್ಟರ್ ಆಗಿದ್ದರೆ ಬೆಳಿಗ್ಗೆ ಆರಕ್ಕೂ ನೂರರ ಮೇಲೇ ಇರುತ್ತದೆ. ಒಬ್ಬೊಬ್ಬರ ದೇಹಕ್ಕೆ ವ್ಯತ್ಯಾಸ ಇದೆ ಎಂದು ನಾನೇ ಒಪ್ಪಿಕೊಳ್ಳುತ್ತೇನೆ, ಆದರೆ ವಾದ ಅಲ್ಲಿಗೆ ತಣ್ಣಗಾಗಿರುತ್ತದೆ.

ಇನ್ನೊಂದು ಕೆಲಸ, ಮದುವೆಯ ಹಿಂದಿನ ರಾತ್ರಿಯ ಮೆಹಂದಿ ಪಾರ್ಟಿ ಹೇಗೆ ನಡೆಯುತ್ತದೆ ಎಂದು ಮೊದಲೇ ಯೋಚಿಸಿ ನೋಡುವುದು. ಕಿನ್ನಿಗೋಳಿ ಕಡೆಯ ಮನೆ, ಡಿಜೆ, ಊಟ ಬಡಿಸುವಾಗ ಹನ್ನೊಂದು. ಆ ಹೊತ್ತಿಗೆ ಬಸ್ಸಿಲ್ಲ, ರಿಕ್ಷಾದವನು ಬಂದರೂ ಒಂದೂವರೆ ಪಟ್ಟು. ಮೂರನೇ ಪೆಗ್ ಒಳಗೆ ಹೋದ ಮೇಲೆ ‘ಓಡಿಸಲೋ ಬೇಡವೋ’ ಎಂದು ತೀರ್ಮಾನ ಮಾಡುವುದು ಆ ಪೆಗ್ಗೇ. ಆದ್ದರಿಂದ ಪ್ರಶ್ನೆ ಸಂಜೆ ಆರಕ್ಕೆ ಕೇಳುತ್ತೇವೆ: ಬೈಕು ಮನೆಯಲ್ಲೇ ಬಿಡುತ್ತೀರಾ? ಯಾರ ಕಾರಿನಲ್ಲಿ ವಾಪಸ್ಸು? ಅವನು ಕುಡಿಯುವವನೋ? ಅಲ್ಲೇ ಮಲಗುವುದಾದರೆ ಮನೆಯವಳಿಗೆ ಹೇಳಿದ್ದೀರಾ? ಉತ್ತರವನ್ನು ಅವರೇ ಬರೆಯಬೇಕು, ಹೆಸರು ಸಮೇತ. ‘ನೋಡುವ’ ಎಂದು ಬರೆದರೆ ನಾನು ಕಾಗದ ವಾಪಸ್ಸು ಕೊಡುತ್ತೇನೆ.

ಈ ಉಪಾಯ ಎಲ್ಲರಿಗೂ ಆಗುವುದಿಲ್ಲ. ಕುಡಿತ ಎಷ್ಟರ ಮಟ್ಟಿಗಿದೆ ಎಂದು ಅಳೆಯಲು ವಿಶ್ವ ಆರೋಗ್ಯ ಸಂಸ್ಥೆಯ ಹತ್ತು ಪ್ರಶ್ನೆಗಳ ಪಟ್ಟಿ ಒಂದಿದೆ, ಒಟ್ಟು 40 ಅಂಕ. 20 ಅಥವಾ ಅದಕ್ಕಿಂತ ಹೆಚ್ಚು ಬಂದವರಿಗೆ ಕುಡಿತವೇ ಕಾಯಿಲೆಯಾಗಿರುವ ಸಾಧ್ಯತೆ ಹೆಚ್ಚು. ಬೆಳಿಗ್ಗೆ ಕೈ ನಡುಗುವವನಿಗೆ ಬೋರ್ಡಿನ ಲೆಕ್ಕ ಎಷ್ಟು ಕಲಿಸಿದರೂ ವ್ಯರ್ಥ. ಅವರನ್ನು ತರಗತಿಯಿಂದ ಎಬ್ಬಿಸಿ ಮನೋವೈದ್ಯರ ಹತ್ತಿರ ಕಳಿಸುತ್ತೇವೆ. ದಿನವೂ ಕುಡಿಯುವವರು ಹೆದರಿ ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಹಾಗಾಗಿ ಔಷಧಿ ಬೇಕು. ಆಮೇಲೆ ಕೆಲವರು ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಕ್ಕೆ ಹೋಗುತ್ತಾರೆ, ಕೆಲವರು ಕುಡಿತ ಬಿಡುವವರು ಒಬ್ಬರಿಗೊಬ್ಬರು ನೆರವಾಗುವ ಎಎ (ಆಲ್ಕೋಹಾಲಿಕ್ಸ್ ಅನಾನಿಮಸ್) ಸಭೆಗೆ. ಶಿಬಿರ ಮುಗಿಸಿ ಊರಿಗೆ ಬಂದವರ ಬೆನ್ನಿಗೆ ಕುಡಿತ ಬಿಟ್ಟವರದೇ ನವಜೀವನ ಸಮಿತಿ ಇರುತ್ತದೆ. ನನ್ನ ಅನುಭವದಲ್ಲಿ ಶಿಬಿರದಷ್ಟೇ ತೂಕ ಆ ಬೆನ್ನಿಗೂ ಇದೆ.

ಲೈಸೆನ್ಸ್ ಅಮಾನತಾದವರು ಅದನ್ನು ವಾಪಸ್ಸು ಪಡೆಯಲು ಚಾಲನಾ ಪುನಶ್ಚೇತನ ತರಬೇತಿ ಮುಗಿಸಬೇಕು ಎಂದು ಕಾಯ್ದೆಯ 19ನೇ ಸೆಕ್ಷನ್ ಹೇಳುತ್ತದೆ. ಒಳ್ಳೆಯದೇ. ಆದರೆ ನನ್ನ ಎದುರು ಕೂರುವವರಲ್ಲಿ ಹೆಚ್ಚಿನವರು ಹುಷಾರು ಡ್ರೈವರುಗಳು. ಸ್ಟೇರಿಂಗ್ ಹಿಡಿಯುವುದನ್ನು ಅವರಿಗೆ ಯಾರೂ ಕಲಿಸಬೇಕಿಲ್ಲ. ಆ ತರಬೇತಿಯಲ್ಲಿ ಕ್ವಾರ್ಟರಿನ ಲೆಕ್ಕಕ್ಕೂ ಮೆಹಂದಿಯ ಕಾಗದಕ್ಕೂ ಒಂದು ಮಧ್ಯಾಹ್ನ ಬಿಟ್ಟುಕೊಟ್ಟರೆ, ಬೋರ್ಡು ಸುಣ್ಣದಕಡ್ಡಿ ನಾನೇ ತರುತ್ತೇನೆ.