ಗುಡ್ಡದ ಭಯ, ಬಯಲಿನ ಸಿಡಿಲು

ಮೂಡಿಗೆರೆಯವಳೆಂದು ಗೊತ್ತಾದರೆ ಸಾಕು, ಬಯಲುಸೀಮೆಯ ನೆಂಟರು ಮೊದಲು ವಿಚಾರಿಸುವುದು ಗುಡ್ಡವನ್ನು. ಮೇ ತಿಂಗಳಲ್ಲಿ ಅರಸೀಕೆರೆ ಹತ್ತಿರದ ಚಿಕ್ಕಪ್ಪನ ಮನೆಗೆ ಹೋದಾಗಲೂ ಅದೇ ಮಾತು. ‘ಮಳೆಗಾಲಕ್ಕೆ ಮಕ್ಕಳನ್ನು ಇಲ್ಲಿಗೆ ಕಳುಹಿಸಮ್ಮ. ನಮ್ಮಲ್ಲಿ ಅಂಥ ಅಪಾಯ ಯಾವುದೂ ಇಲ್ಲ’ ಎಂದರು.

ಗುಡ್ಡದ ಬಗ್ಗೆ ಅವರ ಆತಂಕ ಸುಳ್ಳಲ್ಲ. 2018ರಲ್ಲಿ ಕೊಡಗಿನ ಗುಡ್ಡಗಳು ಜರಿದಾಗ ‘ನಮ್ಮ ಕಡೆ ಹಾಗಾಗುವುದಿಲ್ಲ’ ಎಂದವರು ನಮ್ಮೂರಲ್ಲೂ ಇದ್ದರು. ಮರುವರ್ಷದ ಆಗಸ್ಟ್‌ನಲ್ಲಿ ನಮ್ಮದೇ ತಾಲ್ಲೂಕಿನ ಮಲೆಮನೆಯಲ್ಲಿ ಮನೆಗಳು ಮಣ್ಣುಪಾಲಾದವು. ಆದರೆ ಬಯಲಿನಲ್ಲಿ ಅಪಾಯವೇ ಇಲ್ಲ ಎಂಬುದನ್ನು ನಾನು ಒಪ್ಪಲಿಲ್ಲ.

ಆ ಸಂಜೆಯೇ ಮೋಡ ಕಪ್ಪಿಟ್ಟು ಗಾಳಿ ಎದ್ದಿತು. ತೋಟದಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದವರು ಹನಿ ಬೀಳುತ್ತಲೇ ಬದುವಿನ ಹುಣಸೆಮರದಡಿ ಗುಂಪಾದರು. ಚಿಕ್ಕಮ್ಮ ಕುಡುಗೋಲನ್ನು ಅಂಗಳಕ್ಕೆ ಎಸೆದು ‘ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿ’ ಎಂದು ಜಪಿಸತೊಡಗಿದರು. ನಾನು ಜಗಲಿಯಿಂದ ಎಷ್ಟು ಕೂಗಿದರೂ ಗಾಳಿಯಲ್ಲಿ ಮರದಡಿಯವರಿಗೆ ಕೇಳಿಸಲಿಲ್ಲ. ಫೋನ್ ಮಾಡಿ ಎಂದರೆ ಚಿಕ್ಕಮ್ಮ ಬೇಡವೆಂದರು. ಮೊಬೈಲ್ ಸಿಡಿಲನ್ನು ಸೆಳೆಯುವುದಿಲ್ಲ ಎಂದು ಹೇಳಿ, ಚಿಕ್ಕಪ್ಪನಿಂದಲೇ ಕರೆ ಮಾಡಿಸಿ ಎಲ್ಲರನ್ನೂ ಮನೆಯೊಳಕ್ಕೆ ಕರೆಸಿದೆ.

ತಲೆ ಒರೆಸಿಕೊಳ್ಳುತ್ತಾ ಹಿರಿಯರೊಬ್ಬರು ‘ಮರದಡಿ ನೆನೆಯುವುದಿಲ್ಲವಲ್ಲಮ್ಮ’ ಎಂದರು. ನೆನೆದರೆ ಒಣಗಬಹುದು, ಮರಕ್ಕೆ ಹೊಡೆದ ಸಿಡಿಲು ಕಾಂಡದಿಂದ ಪಕ್ಕದಲ್ಲಿ ನಿಂತವರ ಮೈಗೆ ಹಾರುತ್ತದೆ, ಬೇರಿನ ಸುತ್ತಲ ನೆಲದಲ್ಲೂ ಹರಿಯುತ್ತದೆ ಎಂದು ವಿವರಿಸಿದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ವರದಿಯಂತೆ 2022ರಲ್ಲಿ ದೇಶದಲ್ಲಿ ಪ್ರಕೃತಿ ವಿಕೋಪಗಳಿಗೆ ಬಲಿಯಾದವರು 8,060. ಅವರಲ್ಲಿ 2,887 ಜನ ಸತ್ತದ್ದು ಸಿಡಿಲಿಗೆ. ಹೊಲದಲ್ಲೊಬ್ಬರು, ಕುರಿ ಕಾಯುವಲ್ಲಿ ಇನ್ನೊಬ್ಬರು ಎಂಬಂತೆ ಹೋಗುವ ಈ ಜೀವಗಳನ್ನು, ಗುಡ್ಡ ಜರಿದಾಗಿನಂತೆ, ಟಿವಿ ಇಡೀ ದಿನ ತೋರಿಸುವುದಿಲ್ಲ. ಅದಕ್ಕೇ ಸಿಡಿಲನ್ನು ಯಾರೂ ವಿಕೋಪವೆಂದು ಎಣಿಸುವುದಿಲ್ಲ. ಹಣೆಬರಹ ಎಂದುಬಿಡುತ್ತಾರೆ. ನನಗೆ ಸಂಕಟವಾಗುವುದು ಆ ಮಾತಿಗೇ.

ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯಾಗುವವರೆಗೆ ಯಾರನ್ನೂ ಹೊರಗೆ ಬಿಡಲಿಲ್ಲ. ಅಷ್ಟು ಹೊತ್ತಿಗೆ ಚಿಕ್ಕಪ್ಪ ಲೆಕ್ಕ ಹಾಕಿದ್ದರು: ಈ ಮಳೆ ಬರುವುದು ಹೆಚ್ಚಾಗಿ ಮಧ್ಯಾಹ್ನದ ಮೇಲೆಯೇ. ಮುಂಗಾರು ಹಿಡಿಯುವವರೆಗೆ ಬೆಳಿಗ್ಗೆ ಆರಕ್ಕೇ ಕೆಲಸ ಶುರು, ಊಟದ ಹೊತ್ತಿಗೆ ತೋಟ ಖಾಲಿಯಾಗಬೇಕು ಎಂದು ಎಲ್ಲರಿಗೂ ಹೇಳಿದರು. ಕೂಲಿ ಕಡಿತವಾಗುತ್ತದೆಯೇ ಎಂದು ಒಬ್ಬರು ಕೇಳಿದರು. ಇಲ್ಲ ಎಂದರು.