ಬೀಗಿತ್ತಿ ಮನೆಯ ಹಳೇ ಉಯಿಲು

ಹೋದ ಮಳೆಗಾಲ ಪೂರ್ತಿ ನಾನು ಸಾಗರದಲ್ಲಿ ಕೂತ್ಕೊಂಡು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ 17ನೇ ಶತಮಾನದ ದಾಖಲೆ ಓದಿದೀನಿ ಮಾರಾಯ್ರೆ. ಮಗಳಿರೋದು ಬಾಸ್ಟನ್ ಹತ್ರ, ಅಳಿಯ ಅಲ್ಲಿಯವನೇ. ಮೊಮ್ಮಗಳು ಹುಟ್ಟಿದ ಮೇಲೆ ಬೀಗಿತ್ತಿಗೆ ಮಗುಗೋಸ್ಕರ ವಂಶವೃಕ್ಷ ಬರೆದಿಡಬೇಕು ಅಂತ ಆಸೆ ಬಂತು, ನಾನು ಹೈಸ್ಕೂಲಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದವಳು, ಎಂಥಾ ಅಕ್ಷರ ಇದ್ರೂ ಓದಿ ಅಭ್ಯಾಸ, ಹಂಗಾಗಿ ಸ್ಕ್ಯಾನ್ ಮಾಡಿದ ಪುಟಗಳನ್ನ ನಂಗೂ ಕಳಿಸೋಕೆ ಶುರು ಮಾಡಿದ್ರು.

ಅವರ ಮನೇಲಿ ಎಲ್ಲರೂ ನಾವು ಮೇಫ್ಲವರ್ ಹಡಗಿನವರ ಪೈಕಿ ಅಂತ ಹೇಳ್ಕೊಂಡು ಬಂದಿದ್ರು. 1620ರಲ್ಲಿ ಇಂಗ್ಲೆಂಡಿಂದ ಅಮೆರಿಕಕ್ಕೆ ನೆಲೆಸೋಕೆ ಜನರನ್ನ ಕರ್ಕೊಂಡು ಬಂದ ಆ ಹಡಗಲ್ಲಿ ಇದ್ದಿದ್ದು 102 ಜನ, ಅದರಲ್ಲೂ ಹೆಚ್ಚುಕಮ್ಮಿ ಅರ್ಧ ಜನ ಮೊದಲ ಚಳಿಗಾಲದಲ್ಲೇ ತೀರ್ಕೊಂಡ್ರು. ಇಂಟರ್ನೆಟ್ಟಲ್ಲಿ ಹುಡುಕಿದ್ರೆ ಆ ಸಂಬಂಧ ತೋರಿಸೋ ವಂಶವೃಕ್ಷ ಬೇಕಾದಷ್ಟು ಸಿಗುತ್ತೆ, ಆದ್ರೆ ಒಬ್ಬರದ್ದು ನೋಡಿ ಇನ್ನೊಬ್ಬರು ಬರ್ಕೊಂಡಿದ್ದು, ಮೂಲ ದಾಖಲೆ ಯಾವುದು ಅಂದ್ರೆ ಇಲ್ಲ. ನಾವು ಮಗುವಿಂದ ಹಿಂದಕ್ಕೆ ಒಂದೊಂದೇ ತಲೆಮಾರು ಹಿಡ್ಕೊಂಡು ಹೋದ್ವಿ. 1850ರ ಜನಗಣತಿ ತನಕ ಕಷ್ಟ ಇಲ್ಲ, ಗುಲಾಮರನ್ನ ಬಿಟ್ಟು ಮನೆಯ ಎಲ್ಲರ ಹೆಸರೂ ಅದರಲ್ಲಿದೆ. ಅದಕ್ಕೂ ಹಿಂದಿಂದರಲ್ಲಿ ಯಜಮಾನನ ಹೆಸರು, ಉಳಿದವರು ಬರೀ ಲೆಕ್ಕ. 1790ಕ್ಕಿಂತ ಹಿಂದೆ ಹೋದ್ರೆ ದೇಶದ ಜನಗಣತಿ ಅನ್ನೋದೇ ಇಲ್ಲ, ಊರಿನ ಜನನ ಮರಣದ ಪುಸ್ತಕ, ಜಮೀನು ಪತ್ರ, ಉಯಿಲು ಇವೇ ಗತಿ. ಕೊನೆಗೆ ಸಿಕ್ಕಿದವರು 1630ರ ದಶಕದಲ್ಲಿ ಬೇರೆ ಹಡಗಲ್ಲಿ ಬಂದವರು. ನಮ್ಮಲ್ಲಿ ಶಿವಪ್ಪ ನಾಯಕ ಪಟ್ಟಕ್ಕೆ ಬಂದಿದ್ದು 1645ರಲ್ಲಿ, ಅದಕ್ಕಿಂತ ಸ್ವಲ್ಪ ಮೊದಲು.

ಮಧ್ಯ ಒಂದು ಕಡೆ ಬೀಗಿತ್ತಿ ಮುಖ ಸಣ್ಣ ಆಯ್ತು. ಒಂದು ಜೋಡಿ ಮದುವೆ ಆಗಿದ್ದು 1672ರ ಏಪ್ರಿಲ್‌ನಲ್ಲಿ, ಮೊದಲ ಮಗು ಹುಟ್ಟಿದ್ದು 1672ರ ಫೆಬ್ರವರಿ ಅಂತಿದೆ. ನಾನೂ ಒಂದು ದಿನ ತಲೆ ಕೆಡಿಸ್ಕೊಂಡೆ, ಆಮೇಲೆ ಗೊತ್ತಾಯ್ತು, ಆಗ ಅವರಿಗೆ ಹೊಸ ವರ್ಷ ಶುರು ಆಗ್ತಿದ್ದಿದ್ದು ಮಾರ್ಚ್ 25ಕ್ಕೆ. ಅಂದ್ರೆ ಏಪ್ರಿಲ್ ಮೊದಲು ಬಂದು ಅದೇ ವರ್ಷದ ಫೆಬ್ರವರಿ ಆಮೇಲೆ ಬರುತ್ತೆ, ಮಗು ಹುಟ್ಟಿದ್ದು ಮದುವೆಯಾಗಿ ಹತ್ತು ತಿಂಗಳಿಗೆ! ಯುಗಾದಿ ಬರೋ ತನಕ ನಮಗೂ ಹಳೇ ಸಂವತ್ಸರವೇ ಅಲ್ವಾ, ಹಂಗೇ ಅಂತ ಹೇಳಿದೆ, ಅವರಿಗೆ ಎಷ್ಟು ಖುಷಿ ಆಯ್ತು ಅಂದ್ರೆ. 1752ರಲ್ಲಿ ಇದನ್ನ ಜನವರಿಗೆ ಬದಲಾಯಿಸಿದ್ರು, ಕ್ಯಾಲೆಂಡರ್ ಸರಿ ಮಾಡೋಕೆ ಹನ್ನೊಂದು ದಿನ ಹಾರಿಸಿದ್ರಿಂದ ಆ ವರ್ಷ ಸೆಪ್ಟೆಂಬರ್ 2 ಆದ ಮಾರನೇ ದಿನವೇ 14.

ಆದ್ರೆ ನಮ್ಮನ್ನ ತಿಂಗಳುಗಟ್ಟಲೆ ನಿಲ್ಲಿಸಿದ್ದು ಆ ಮದುವೆಯ ಹುಡುಗಿ. ಅವಳ ಹೆಸರಿದೆ, ಯಾರ ಮಗಳು ಅಂತ ಎಲ್ಲೂ ಇಲ್ಲ. ಮೇರಿ, ಸಾರಾ, ಎಲಿಜಬೆತ್ ಅಂತ ಊರು ತುಂಬ ಅವೇ ಹೆಸರು ಬೇರೆ. ಗಂಡನ ಜಮೀನು ಪತ್ರಕ್ಕೆ ಸಾಕ್ಷಿ ಹಾಕಿದವರು, ಪಕ್ಕದ ಗಡಿಯವರು ಯಾರ್ಯಾರು ಅಂತ ಪಟ್ಟಿ ಮಾಡಿ, ಅವಳ ಅಪ್ಪ ಅವರಲ್ಲೇ ಒಬ್ಬ ಇರಬಹುದು ಅಂತ ಅವರೆಲ್ಲರ ಉಯಿಲು ಒಂದೊಂದಾಗಿ ಓದಿದ್ವಿ, ಎಸ್ ಅಕ್ಷರ ಎಫ್ ಥರ ಕಾಣುತ್ತೆ, ಒಂದೇ ಪದಕ್ಕೆ ಒಂದು ಪುಟದಲ್ಲಿ ಮೂರು ಸ್ಪೆಲ್ಲಿಂಗ್. ಆಗಸ್ಟ್‌ನಲ್ಲಿ ಒಂದು ರಾತ್ರಿ, ಹೊರಗೆ ಮಳೆ ಹೊಡೀತಾ ಇತ್ತು, ಒಬ್ಬ ರೈತನ ಉಯಿಲಲ್ಲಿ ಸಿಕ್ಕಿದ್ಲು. ಇಂಥವನ ಹೆಂಡತಿಯಾದ ನನ್ನ ಮಗಳಿಗೆ ಒಂದು ಹಸು, ಅವಳ ಪಾಲು ಮದುವೇಲೇ ಕೊಟ್ಟಾಗಿದೆ ಅಂತ. ಬಳುವಳಿ! ನಂಗೆ ಕಣ್ಣಲ್ಲಿ ನೀರು ಬಂತು, ನಮ್ಮಮ್ಮನೂ ಬಳುವಳಿ ಹಸು ಹೊಡ್ಕೊಂಡೇ ಈ ಕಡೆ ಬಂದವಳು. ಆ ಉಯಿಲಿನ ಜೊತೆ ಮನೆ ಸಾಮಾನಿನ ಪಟ್ಟಿ ಇದೆ, ಅಕ್ಕಪಕ್ಕದವರು ಬಂದು ಕಬ್ಬಿಣದ ಪಾತ್ರೆ, ಹಕ್ಕಿ ಗರಿ ತುಂಬಿದ ಹಾಸಿಗೆ, ಕಣಜದಲ್ಲಿದ್ದ ಮೆಕ್ಕೆಜೋಳ ಎಲ್ಲದಕ್ಕೂ ಬೆಲೆ ಕಟ್ಟಿದಾರೆ, ಓದ್ತಾ ಹೋದ್ರೆ ಅವರ ಅಡುಗೆಮನೆ ಒಳಗೆ ನಿಂತ ಹಾಗಿರುತ್ತೆ.

ಆ ಜಮೀನು ಅದಕ್ಕೂ ಮೊದಲು ಅಲ್ಲಿನ ಮೂಲನಿವಾಸಿಗಳದ್ದು, 1675ರಲ್ಲಿ ಅದೇ ಸಿಟ್ಟು ದೊಡ್ಡ ಯುದ್ಧವೇ ಆಯ್ತು. ಇದನ್ನೂ ಮಗುವಿನ ಪುಸ್ತಕದಲ್ಲಿ ಬರೀಲೇಬೇಕು ಅಂತ ನಾನು ಹಟ ಹಿಡಿದೆ, ಬೀಗಿತ್ತಿ ಒಪ್ಪಿದ್ರು. 1964ರಲ್ಲಿ ಲಿಂಗನಮಕ್ಕಿ ಡ್ಯಾಂ ಆಗಿ ನಮ್ಮ ಅತ್ತೆಯವರ ತವರುಮನೆ ಮುಳುಗಿದೆ, ನೆಲ ಕಳ್ಕೊಂಡವರ ಮನೆಯವಳು ನಾನು, ಸುಮ್ನೆ ಇರೋಕಾಗಲ್ಲ.

ಆಮೇಲೆ ಅವರು ಕೇಳಿದ್ರು, ನಿಮ್ಮ ಕಡೆಯದು ಹೇಳಿ ಅಂತ. ಮಾವನವರು ಬರೆದಿಟ್ಟಿದ್ದ ವಂಶಾವಳಿ ತೆಗೆದು ನೋಡಿದೆ, ಎಂಟು ತಲೆ ಗಂಡಸರಿದಾರೆ, ಒಬ್ಬ ಹೆಂಗಸಿನ ಹೆಸರೂ ಇಲ್ಲ. ಶ್ರಾದ್ಧದ ದಿನ ತಾಯಿ, ಅಜ್ಜಿ, ಮುತ್ತಜ್ಜಿ ಅಂತ ಮೂರು ಹೆಸರು ಬರುತ್ತೆ, ಮುಂದಿನ ತಲೆಮಾರು ಬಂದ ಕೂಡ್ಲೆ ಕೊನೇದು ಬಿಟ್ಟು ಹೋಗುತ್ತೆ. ಅತ್ತೆಯವರಿಗೆ 88, ದಿನಾ ಮಧ್ಯಾಹ್ನ ಊಟ ಆದ್ಮೇಲೆ ಅವರ ಹತ್ರ ಕೂತು ಕೇಳಿ ಬರ್ಕೊಳ್ತಾ ಇದೀನಿ. ಐದನೇ ಹೆಂಗಸಿನ ಹೆಸರು ನೆನಪಾಗ್ತಿಲ್ಲ, ಬಿದನೂರು ನಗರದ ಕಡೆಯವರು, ಕೆಂಪು ಹಸು ತಂದಿದ್ರು ಅಷ್ಟು ಗೊತ್ತು ಅಂತಾರೆ. ಭಾನುವಾರ ಅವರ ತಂಗಿ ಬರ್ತಾರೆ, ಅವರನ್ನ ಕೇಳ್ಬೇಕು.