ದಾಂಡೇಲಿಯಲ್ಲ, ಡಂಡೀ

2025ರ ಮಾರ್ಚಿನಲ್ಲಿ ಕಾರವಾರಕ್ಕೆ ಮರಳಿದ ಮೇಲೆ, ನಾನು ಐದೂವರೆ ತಿಂಗಳು ಎಲ್ಲಿದ್ದೆ ಎಂದು ಕೋಡಿಬಾಗದ ಸಂಜೆಯ ನಡಿಗೆಯ ಗೆಳೆಯರಿಗೆ ತಿಳಿಸಿ ಹೇಳುವುದಕ್ಕೇ ಎರಡು ದಿನ ಹಿಡಿಯಿತು. ನಾನು ‘ಡಂಡೀ’ ಎಂದಿದ್ದು ಅವರ ಕಿವಿಗೆ ‘ದಾಂಡೇಲಿ’ ಎಂದೇ ಬೀಳುತ್ತಿತ್ತು. ಘಟ್ಟ ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಮುಟ್ಟಬಹುದಾದ ದಾಂಡೇಲಿಯಲ್ಲಿ ಗಂಡ ಹೆಂಡತಿ ಇಬ್ಬರೂ ಇಡೀ ಚಳಿಗಾಲ ಕೂತು ಮಾಡಿದ್ದೇನು ಎಂಬ ಪ್ರಶ್ನೆಗೆ ಅವರಲ್ಲೊಬ್ಬರು ತಾವೇ ಉತ್ತರವನ್ನೂ ಕಂಡುಕೊಂಡಿದ್ದರು: ಮಂಡಿನೋವಿಗೆ ನಾಟಿ ಔಷಧ ಇರಬೇಕು. ಸ್ಕಾಟ್ಲೆಂಡಿನ ಪೂರ್ವ ಕರಾವಳಿಯಲ್ಲಿ ಡಂಡೀ ಎಂಬ ಊರಿದೆ, ಮಗಳು ಅಲ್ಲಿ ಕೆಲಸದಲ್ಲಿದ್ದಾಳೆ, ಹೋಗಿ ಬಂದೆವು ಎಂದು ಹೇಳಿದ ಮೇಲೂ ಗುಂಪಿನಲ್ಲಿ ನನಗೆ ‘ದಾಂಡೇಲಿಯವರು’ ಎಂಬ ಹೆಸರು ಉಳಿದುಬಿಟ್ಟಿದೆ.

ಯೋಚಿಸಿದರೆ ಆ ಹೆಸರು ಅಷ್ಟೇನೂ ತಪ್ಪಲ್ಲ. ದಾಂಡೇಲಿಯನ್ನು ಹಾದು ಬರುವ ಕಾಳಿ 184 ಕಿಲೋಮೀಟರ್ ಹರಿದು ನಮ್ಮ ಮನೆಯ ಹಿಂದೆ ಕಡಲು ಸೇರುತ್ತದೆ. ಡಂಡೀಯಲ್ಲಿ ಕಡಲು ಸೇರುವ ಟೇ ನದಿಯ ಉದ್ದವೂ ಸುಮಾರು 190 ಕಿಲೋಮೀಟರ್. ಸ್ಕಾಟ್ಲೆಂಡಿಗೆ ಅದೇ ಅತಿ ಉದ್ದದ ನದಿ. ಅಲ್ಲಿಯೂ ಅಳಿವೆ, ಇಲ್ಲಿಯೂ ಅಳಿವೆ. ಮಗಳ ಬಾಡಿಗೆ ಮನೆಯ ಕಿಟಕಿಯಿಂದ ಮೊದಲ ಬಾರಿ ಹೊರಗೆ ನೋಡಿದಾಗ ಕಂಡದ್ದು ಅಗಲವಾದ ಬೂದು ನೀರು, ಅದರಾಚೆ ತಗ್ಗಾದ ಹಸಿರು ಗುಡ್ಡದ ಸಾಲು, ನಡುವೆ ಉದ್ದನೆಯ ಸೇತುವೆ. ಹೆಂಡತಿ ಸ್ವಲ್ಪ ಹೊತ್ತು ನೋಡಿ, “ಸದಾಶಿವಗಡ ಒಂದು ಇಲ್ಲ, ಉಳಿದದ್ದೆಲ್ಲ ಇದೆ” ಎಂದಳು.

ನೀರಿನ ಏರಿಳಿತ ಮಾತ್ರ ಬೇರೆಯೇ. ನಮ್ಮಲ್ಲಿ ಭರ್ತಿಗೂ ಇಳಿತಕ್ಕೂ ಎರಡು ಮೀಟರಿನ ಆಸುಪಾಸು ವ್ಯತ್ಯಾಸವಾದರೆ ಅದು ದೊಡ್ಡ ಭರ್ತಿ. ಟೇ ಅಳಿವೆಯಲ್ಲಿ ಹುಣ್ಣಿಮೆ ಅಮಾವಾಸ್ಯೆಗಳ ಸುಮಾರಿಗೆ ನಾಲ್ಕು ಮೀಟರು ಮೀರಿ ನೀರು ಏರಿ ಇಳಿಯುತ್ತದೆ. ಬೆಳಿಗ್ಗೆ ದಡದ ಗೋಡೆಗೆ ಬಡಿಯುತ್ತಿದ್ದ ನೀರು ಮಧ್ಯಾಹ್ನಕ್ಕೆ ದೂರ ಸರಿದು, ನಡುವೆ ಕಂದು ಕೆಸರಿನ ಬಯಲು ತೆರೆದುಕೊಂಡಿರುತ್ತದೆ. ಆ ಕೆಸರಿನಲ್ಲಿ ಖುಬೆ, ಅಂದರೆ ಚಿಪ್ಪುಮೀನು, ಆಯುವವರು ಯಾರೂ ಕಾಣದಿರುವುದು ಮೊದಲ ಒಂದು ವಾರ ನನಗೆ ಬಹಳ ವಿಚಿತ್ರವೆನಿಸಿತು. ಬುಟ್ಟಿ ಹಿಡಿದು ಮೊಣಕಾಲುದ್ದ ನೀರಿನಲ್ಲಿ ಬಗ್ಗಿ ನಿಂತ ಹೆಂಗಸರಿಲ್ಲದೆ ನನ್ನ ಕಣ್ಣಿಗೆ ಅಳಿವೆ ಪೂರ್ತಿಯಾಗುವುದಿಲ್ಲ.

ಡಂಡೀಗೆ ಹೋದ ಮೂರನೆಯ ದಿನ ರೈಲು ಸೇತುವೆಯ ಕಡೆಗೆ ನಡೆದುಹೋದೆವು. ಸೇತುವೆಯ ಕಂಬಗಳ ಪಕ್ಕದಲ್ಲಿಯೇ, ಅವುಗಳಿಗೆ ಸಮಾನಾಂತರವಾಗಿ, ನೀರಿನಿಂದ ಸ್ವಲ್ಪವೇ ಮೇಲೆದ್ದ ಕಲ್ಲು ಇಟ್ಟಿಗೆಗಳ ಮೋಟುಗಳ ಸಾಲೊಂದು ಆಚೆಯ ದಡದವರೆಗೂ ಹೋಗಿತ್ತು. ಕೆಲವು ಮೋಟುಗಳ ಮೇಲೆ ನೀರುಕಾಗೆಗಳು ರೆಕ್ಕೆ ಹರಡಿ ಕುಳಿತಿದ್ದವು. ಏನಿದು ಎಂದು ಕೇಳಬೇಕಾಗಲಿಲ್ಲ. ಆರು ವಾರಗಳ ಹಿಂದಷ್ಟೇ ನಾನು ಇಂಥದೇ ನೋಟವನ್ನು ನಮ್ಮ ಕಾಳಿಯಲ್ಲಿ ಕೊಡೆ ಹಿಡಿದು ನಿಂತು ನೋಡಿದ್ದೆ.

2024ರ ಆಗಸ್ಟ್ 7ರಂದು, ರಾತ್ರಿ ಒಂದು ಗಂಟೆಯ ಸುಮಾರಿಗೆ, ಕಾರವಾರವನ್ನೂ ಸದಾಶಿವಗಡವನ್ನೂ ಕೂಡಿಸಿದ್ದ ನಾಲ್ಕು ದಶಕಗಳ ಹಳೆಯ ಕಾಳಿ ಸೇತುವೆ ಕುಸಿದುಬಿತ್ತು. ಅದರ ಮೇಲಿದ್ದ ಲಾರಿಯೊಂದು ನೀರಿಗೆ ಬಿತ್ತು. ಲಾರಿಯ ಮೇಲೆ ಹತ್ತಿ ಕುಳಿತು ಜೀವ ಹಿಡಿದುಕೊಂಡಿದ್ದ ಚಾಲಕನನ್ನು ಪೊಲೀಸರೂ ಮೀನುಗಾರರೂ ಸೇರಿ ದಡಕ್ಕೆ ತಂದರು. ಪಕ್ಕದಲ್ಲಿ ಚತುಷ್ಪಥಕ್ಕಾಗಿ ಕಟ್ಟಿದ್ದ ಹೊಸ ಸೇತುವೆ ಇದ್ದುದರಿಂದ ಗೋವೆಯ ದಾರಿ ಪೂರ್ತಿ ಕಡಿಯಲಿಲ್ಲ. ಬೆಳಿಗ್ಗೆ ಮಳೆಯಲ್ಲಿ ಅರ್ಧ ಊರೇ ದಡದಲ್ಲಿತ್ತು. ಮುರಿದ ಹಾಸುಗಳು ಒಂದು ತುದಿ ಕಂಬಕ್ಕೆ ಒರಗಿ, ಇನ್ನೊಂದು ತುದಿ ನೀರಿಗಿಳಿದು ಬಿದ್ದಿದ್ದವು. ಜನ ಜೋರಾಗಿ ಮಾತನಾಡುತ್ತಿರಲಿಲ್ಲ. ಆ ಸೇತುವೆ ಆಗುವ ಮೊದಲಿನ ಲಾಂಚುಗಳ ಕಾಲವನ್ನು ಕಂಡ ಮುದುಕರೊಬ್ಬರು ಮಾತ್ರ, “ಅಂತೂ ಮತ್ತೆ ತಾರಿಯೇ ಗತಿ” ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು.

ಟೇ ನದಿಯ ಮೋಟುಗಳ ಕಥೆ ಇದಕ್ಕಿಂತ ಬಹಳ ಕರಾಳವಾದದ್ದು, ಡಂಡೀಯಲ್ಲಿ ಅದನ್ನು ಹೇಳದ ಮನುಷ್ಯ ನನಗೆ ಸಿಗಲಿಲ್ಲ. ಸುಮಾರು ಎರಡು ಮೈಲಿ ಉದ್ದದ ಮೊದಲ ರೈಲು ಸೇತುವೆ 1878ರಲ್ಲಿ ತೆರೆಯಿತು. ಅದನ್ನು ರೂಪಿಸಿದ ಥಾಮಸ್ ಬೌಚ್‌ನಿಗೆ ಮರುವರ್ಷ ರಾಣಿ ವಿಕ್ಟೋರಿಯಾ ‘ಸರ್’ ಪದವಿ ಕೊಟ್ಟಳು. ನದಿಯ ಮೇಲ್ಭಾಗದ ಪರ್ತ್ ಊರಿಗೆ ಹೋಗುವ ಹಡಗುಗಳ ಕೂವೆಮರ ತಾಗದಿರಲೆಂದು ಸೇತುವೆಯ ನಡುಭಾಗವನ್ನು ಎತ್ತರಿಸಿ, ಅಲ್ಲಿ ರೈಲು ತೊಲೆಗಳ ಒಳಗಿನಿಂದ, ಪಂಜರದಲ್ಲಿ ಹಾದಂತೆ, ಹಾದುಹೋಗುವ ಹಾಗೆ ಕಟ್ಟಿದ್ದರು. 1879ರ ಡಿಸೆಂಬರ್ 28ರ ಭಾನುವಾರ ಸಂಜೆ, ಬಿರುಗಾಳಿಯಲ್ಲಿ, ಡಂಡೀ ಕಡೆಗೆ ಬರುತ್ತಿದ್ದ ರೈಲು ಆ ಎತ್ತರದ ಭಾಗಕ್ಕೆ ಬಂದಾಗ ಹದಿಮೂರು ಅಂಕಣಗಳೂ ರೈಲಿನೊಂದಿಗೆ ನೀರಿಗೆ ಬಿದ್ದವು. ಒಬ್ಬರೂ ಉಳಿಯಲಿಲ್ಲ. ಎಪ್ಪತ್ತೈದು ಮಂದಿ ಎಂದು ಬಹುಕಾಲ ಎಣಿಸಿದ್ದರು. ಹೆಸರು ಸಮೇತ ಗುರುತಾದವರು 59. ಬೌಚ್ ಗಾಳಿಯ ಒತ್ತಡವನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ, ಕಂಬಗಳ ಎರಕದ ಕಬ್ಬಿಣದಲ್ಲೂ ದೋಷವಿತ್ತು. ವಿನ್ಯಾಸ, ಕಟ್ಟಣೆ, ಪಾಲನೆ ಮೂರೂ ಕೆಟ್ಟಿದ್ದವು ಎಂದು ವಿಚಾರಣೆ ಹೇಳಿತು. ಬೌಚ್ ಒಂದು ವರ್ಷದೊಳಗೆ ತೀರಿಕೊಂಡ.

ನನ್ನನ್ನು ಹೆಚ್ಚು ಹಿಡಿದದ್ದು ಅದರ ಮುಂದಿನ ಭಾಗ. 1887ರಲ್ಲಿ ಪಕ್ಕದಲ್ಲೇ ಹೊಸ ಸೇತುವೆ ತೆರೆದಾಗ, ಹಳೆಯದರಲ್ಲಿ ಬೀಳದೆ ಉಳಿದ ತೊಲೆಗಳನ್ನು ಬಿಚ್ಚಿ ಹೊಸದರಲ್ಲಿ ಬಳಸಿಕೊಂಡಿದ್ದರು. ಹಳೆಯ ಕಂಬಗಳ ಬುಡಗಳು ಹಾಗೆಯೇ ಉಳಿದವು. ನೀರಿಗೆ ಬಿದ್ದ ಎಂಜಿನ್ನನ್ನೂ ಎಸೆಯಲಿಲ್ಲ. ಮೇಲೆತ್ತಿ ರಿಪೇರಿ ಮಾಡಿ 1919ರವರೆಗೆ ಓಡಿಸಿದರು, ಜನ ಅದಕ್ಕೆ ‘ಮುಳುಗುಗಾರ’ ಎಂದು ಅಡ್ಡಹೆಸರಿಟ್ಟರು. ಆ ಹೆಸರಿನಲ್ಲಿರುವ ಕುಚೋದ್ಯ ನಮ್ಮ ಬಂದರಿನ ಖಲಾಸಿಗಳಿಗೆ ಚೆನ್ನಾಗಿ ಅರ್ಥವಾಗುತ್ತದೆ. 2013ರವರೆಗೂ ಸತ್ತವರ ಹೆಸರು ಕೆತ್ತಿದ ಸ್ಮಾರಕ ಎರಡು ದಡಗಳಲ್ಲೂ ಇರಲಿಲ್ಲವಂತೆ. ನಾವು ಡಿಸೆಂಬರ್ 28ರಂದೇ ಅಲ್ಲಿಗೆ ಹೋದೆವು. ಮಧ್ಯಾಹ್ನ ಮೂರೂವರೆ ದಾಟುವ ಹೊತ್ತಿಗೆ ಸೂರ್ಯ ಮುಳುಗಿ, ದೀಪ ಹಾಕಿಕೊಂಡ ರೈಲೊಂದು ನಮ್ಮ ತಲೆಯ ಮಟ್ಟಕ್ಕಿಂತ ಎತ್ತರದಲ್ಲಿ ನಿಧಾನವಾಗಿ ತಿರುವು ತೆಗೆದುಕೊಂಡು ನೀರಿನ ಮೇಲಕ್ಕೆ ಹೋಯಿತು. ಹೆಂಡತಿ ಅದು ಆಚೆ ದಡ ಮುಟ್ಟುವವರೆಗೂ ಅಲ್ಲಿಂದ ಕದಲಲಿಲ್ಲ.

ಸುತ್ತಾಟದ ವಿಷಯಕ್ಕೆ ಬರುತ್ತೇನೆ. ಆ ಚಳಿಯಲ್ಲಿ, ಎಂಟೂ ಮುಕ್ಕಾಲಿಗೆ ಬೆಳಕಾಗುವ ಊರಿನಲ್ಲಿ, ನಮ್ಮ ದಿನಗಳೆಲ್ಲ ಸಣ್ಣ ಸಣ್ಣ ತಿರುಗಾಟಗಳೇ. 1966ರಲ್ಲಿ ತೆರೆದ ರಸ್ತೆ ಸೇತುವೆಯನ್ನು ನಾನು ಹನ್ನೊಂದು ಸಲ ನಡೆದು ದಾಟಿದ್ದೇನೆ. ಎರಡೂಕಾಲು ಕಿಲೋಮೀಟರ್ ಉದ್ದದ ಆ ಸೇತುವೆಯಲ್ಲಿ ಕಾಲುದಾರಿ ಅಂಚಿನಲ್ಲಿಲ್ಲ. ಹೋಗುವ ಬರುವ ವಾಹನಗಳ ನಟ್ಟನಡುವೆ, ಅವುಗಳಿಗಿಂತ ಸ್ವಲ್ಪ ಎತ್ತರದಲ್ಲಿ ಇದೆ. ಡಂಡೀ ಕಡೆಗೆ ಸೇತುವೆ ಇಳಿಜಾರಾಗಿರುವುದರಿಂದ ಮರಳುವಾಗ ಊರು ಪೂರ್ತಿಯಾಗಿ ಕಣ್ಣೆದುರಿಗೆ ಇಳಿದು ಬರುತ್ತದೆ. ಊರ ಹಿಂದಿನ 174 ಮೀಟರ್ ಎತ್ತರದ ಲಾ ಗುಡ್ಡ, ನೀರಿನಂಚಿನಲ್ಲಿ ಜಪಾನಿನ ಕೆಂಗೊ ಕುಮಾ ವಿನ್ಯಾಸ ಮಾಡಿದ ಬಂಡೆಗಳ ಪದರದಂಥ ವಸ್ತುಸಂಗ್ರಹಾಲಯ, ಅದರ ಮಗ್ಗುಲಲ್ಲಿ 1901ರಲ್ಲಿ ಇದೇ ಊರಿನಲ್ಲಿ ನೀರಿಗಿಳಿದು ಅಂಟಾರ್ಕ್ಟಿಕಾಕ್ಕೆ ಹೋಗಿಬಂದ ಮೂರು ಕೂವೆಮರಗಳ ‘ಡಿಸ್ಕವರಿ’ ಹಡಗು. ಹಡಗನ್ನು ನೋಡಿದಾಗಲೆಲ್ಲ ನಮ್ಮ ಟಾಗೋರ್ ಕಡಲತೀರದಲ್ಲಿ ಮರಳಿನ ಮೇಲೆ ನಿಂತಿರುವ ಹಳೆಯ ಯುದ್ಧನೌಕೆ ‘ಚಪಲ್’ ನೆನಪಾಗುತ್ತಿತ್ತು. ಮನೆಯಿಂದ ಎರಡು ಮೈಲಿ ದೂರದಲ್ಲಿದ್ದರೂ ಅದರೊಳಗೆ ನಾನು ಹೋದದ್ದು ಒಂದೇ ಸಲ, ಅದೂ ಬೆಳಗಾವಿಯ ನೆಂಟರು ಬಂದಾಗ.

ಸೆಣಬಿನ ಗಿರಣಿಯೊಂದನ್ನು ವಸ್ತುಸಂಗ್ರಹಾಲಯ ಮಾಡಿದ್ದಾರೆ, ವರ್ಡೆಂಟ್ ವರ್ಕ್ಸ್ ಎಂದು ಅದರ ಹೆಸರು. ಬಂಗಾಳದಿಂದ ಹಡಗಿನಲ್ಲಿ ಬಂದ ಸೆಣಬನ್ನು ತಿಮಿಂಗಿಲದ ಎಣ್ಣೆಯಲ್ಲಿ ಮೆದು ಮಾಡಿ ನೂಲುವ ವಿದ್ಯೆ ಆ ಊರಿಗೆ ಸಿದ್ಧಿಸಿತ್ತು. ಗಿರಣಿಗಳಲ್ಲಿ ದುಡಿದವರು ಹೆಚ್ಚಾಗಿ ಹೆಂಗಸರು. ಕೆಲಸ ಸಿಗದೆ ಮನೆಯಲ್ಲಿ ಉಳಿದ ಗಂಡಸರನ್ನು ‘ಕೆಟಲ್ ಕುದಿಸುವವರು’ ಎಂದು ಕರೆಯುತ್ತಿದ್ದರಂತೆ. ನಿವೃತ್ತನಾದ ಮೇಲೆ ಬೆಳಗಿನ ಚಹಾ ನನ್ನ ಪಾಲಿಗೆ ಬಂದಿರುವುದರಿಂದ ಈ ಪದವನ್ನು ಹೆಂಡತಿ ತಕ್ಷಣ ಕಲಿತಳು. ಯಂತ್ರಗಳನ್ನು ಓಡಿಸಿ ತೋರಿಸಿದಾಗ ಪಕ್ಕದವರ ಮಾತೂ ಕೇಳಿಸಲಿಲ್ಲ. ಆ ಹೆಂಗಸರು ತುಟಿಯ ಚಲನೆ, ಕೈಸನ್ನೆಗಳಲ್ಲೇ ಹರಟುತ್ತಿದ್ದರು, ವಯಸ್ಸಾಗುವ ಮೊದಲೇ ಅನೇಕರಿಗೆ ಕಿವಿ ಹೋಗುತ್ತಿತ್ತು. ಕೊನೆಯ ಕೋಣೆಯಲ್ಲಿದ್ದ ಚೀಲಗಳ ವಾಸನೆ ಮೂಗಿಗೆ ಬಂದದ್ದೇ ತಡ, ಗೋಣಿಕೊಪ್ಪೆ ಹಾಕಿಕೊಂಡು ಮಳೆಯಲ್ಲಿ ಶಾಲೆಗೆ ಹೋಗುತ್ತಿದ್ದ ದಿನಗಳು ಎದುರಿಗೆ ಬಂದು ನಿಂತವು. ಇಂಗ್ಲಿಷಿನವರ ‘ಗನ್ನಿ’ ಎಂಬ ಮಾತೂ ನಮ್ಮ ‘ಗೋಣಿ’ಯ ಬೇರಿನದೇ ಅಲ್ಲವೇ.

ಆ ಕೋಣೆಯಲ್ಲಿ ಇನ್ನೊಂದು ಎಳೆಯೂ ಸಿಕ್ಕಿತು. 1861ರಿಂದ 65ರವರೆಗಿನ ಅಮೆರಿಕದ ಅಂತರ್ಯುದ್ಧದಲ್ಲಿ ಚೀಲಗಳಿಗೂ ಡೇರೆಬಟ್ಟೆಗೂ ಬೇಡಿಕೆ ಏರಿ ಡಂಡೀಯ ಗಿರಣಿಗಳು ಬೆಳೆದವು. ಅದೇ ಯುದ್ಧದಿಂದ ಅಮೆರಿಕದ ಹತ್ತಿ ನಿಂತುಹೋದಾಗ ಇಂಗ್ಲೆಂಡಿನ ಕಣ್ಣು ಧಾರವಾಡದ ಹತ್ತಿಯ ಮೇಲೆ ಬಿದ್ದು, ಅದನ್ನು ಸಾಗಿಸಲು ಕಾರವಾರ ಬಂದರನ್ನು ಬೆಳೆಸುವ ಉತ್ಸಾಹ ಹುಟ್ಟಿತು. 1862ರಲ್ಲಿ ನಮ್ಮ ಜಿಲ್ಲೆ ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು. ಎಲ್ಲಿಯೋ ನಡೆದ ಯುದ್ಧವೊಂದು ಎರಡು ಅಳಿವೆಗಳ ಬದುಕನ್ನೂ ಒಂದೇ ಹೊತ್ತಿಗೆ ಅಲುಗಿಸಿತ್ತು ಎಂಬುದು ಶಾಲೆಯ ಇತಿಹಾಸದಲ್ಲಿ ನನಗೆ ಯಾರೂ ಹೇಳಿರಲಿಲ್ಲ.

ಉಳಿದ ತಿರುಗಾಟಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಬ್ರಾಟಿ ಫೆರಿಯ ಹಳೆಯ ಕೋಟೆಯ ಬುಡದಲ್ಲಿ ಡಾಲ್ಫಿನ್ ಕಾಣುತ್ತವೆಂದು ಎರಡು ತಾಸು ಗಾಳಿಗೆ ಮೈಯೊಡ್ಡಿ ನಿಂತೆವು, ಕಾಣಲಿಲ್ಲ. ದೇವಬಾಗದ ದೋಣಿಯವರಾದರೆ ತೋರಿಸದೆ ಕಳಿಸುತ್ತಿರಲಿಲ್ಲ ಎಂದು ಹೆಂಡತಿ ಗೊಣಗಿದಳು. ಆರ್ಬ್ರೋತ್‌ನಲ್ಲಿ ಹ್ಯಾಡಕ್ ಮೀನುಗಳನ್ನು ಜೋಡಿಜೋಡಿಯಾಗಿ ಬಾಲಕ್ಕೆ ಬಾಲ ಕಟ್ಟಿ, ಕೋಲಿನ ಮೇಲೆ ತೂಗುಹಾಕಿ, ಗಟ್ಟಿಮರದ ಬೆಂಕಿಯ ಹೊಗೆಯಲ್ಲಿ ಬೇಯಿಸುತ್ತಾರೆ. ಆ ಊರಿನ ಸುತ್ತ ಎಂಟು ಕಿಲೋಮೀಟರಿನ ಆಚೆ ಮಾಡಿದ್ದಕ್ಕೆ ‘ಆರ್ಬ್ರೋತ್ ಸ್ಮೋಕಿ’ ಎಂಬ ಹೆಸರಿಡುವ ಹಾಗಿಲ್ಲ. ಕಾಗದದಲ್ಲಿ ಸುತ್ತಿ ಕೊಟ್ಟ ಬಿಸಿ ಮೀನನ್ನು ನಾನು ಬಂದರಿನ ಗೋಡೆಯ ಮೇಲೆ ಕುಳಿತು ತಿಂದೆ, ಉಪ್ಪು ಸರಿಯಾಗಿತ್ತು, ಖಾರವಿರಲಿಲ್ಲ. ಶಿರಸಿ ಕಡೆಯ ಶಾಕಾಹಾರಿ ಮನೆಯಿಂದ ಬಂದ ನನ್ನ ಹೆಂಡತಿಗೆ ಆ ಹೊತ್ತು ಬ್ರೆಡ್ಡು ಮತ್ತು ಡಂಡೀಯ ಪ್ರಸಿದ್ಧ ಮಾರ್ಮಲೇಡ್. ಅವಳ ತೀರ್ಪು: ಯಾರೋ ಬೆಲ್ಲ ಸುರಿದು ಕೆಡಿಸಿದ ಕಂಚಿಕಾಯಿ ಗೊಜ್ಜು.

ಎಲ್ಲದಕ್ಕಿಂತ ಹೆಚ್ಚಾಗಿ ನಾವು ಕುಳಿತದ್ದು ಬಸ್ಸುಗಳಲ್ಲಿ. ಅಲ್ಲಿಯ ನಿವಾಸಿಗಳಲ್ಲಿ ಅರವತ್ತು ದಾಟಿದವರಿಗೂ ಇಪ್ಪತ್ತೆರಡರೊಳಗಿನವರಿಗೂ ಬಸ್ಸು ಉಚಿತ, ನಮ್ಮಂಥ ನೆಂಟರಿಗಲ್ಲ. 2023ರ ಜೂನಿನಿಂದ ‘ಶಕ್ತಿ’ಯ ಕೃಪೆಯಲ್ಲಿ ಟಿಕೆಟ್ಟಿಗೆ ದುಡ್ಡು ಕೊಡುವುದನ್ನೇ ಮರೆತಿದ್ದ ಹೆಂಡತಿಗೆ ಇದು ದೊಡ್ಡ ಅನ್ಯಾಯವಾಗಿ ಕಂಡಿತು, ಇಬ್ಬರೂ ದುಡ್ಡು ಕೊಡುವ ಸಮಾನತೆ ನನಗೆ ಹಿತವಾಗಿತ್ತು. ಆ ಬಸ್ಸುಗಳಲ್ಲಿ ಇಳಿಯುವ ಪ್ರತಿಯೊಬ್ಬರೂ, ಶಾಲೆಯ ಮಕ್ಕಳು, ಅಮಲೇರಿದವರು ಸಹ, ಚಾಲಕನಿಗೆ ಧನ್ಯವಾದ ಹೇಳಿಯೇ ಇಳಿಯುತ್ತಾರೆ. ಎರಡನೆಯ ವಾರಕ್ಕೆ ನಮಗೂ ಆ ರೂಢಿ ಅಂಟಿತು.

ಮರಳಿ ಬಂದ ಮೇಲೆ ಒಂದು ಸಂಗತಿ ನನ್ನನ್ನು ಕಾಡತೊಡಗಿತು. ಟೇ ನದಿಯನ್ನು ಹನ್ನೊಂದು ಸಲ ನಡೆದು ದಾಟಿದ ನಾನು, ನಲವತ್ತು ವರ್ಷ ಮನೆಯ ಹಿಂದೆಯೇ ಇದ್ದ ಕಾಳಿಯ ಹಳೆಯ ಸೇತುವೆಯನ್ನು ಒಮ್ಮೆಯೂ ನಡೆದು ದಾಟಿರಲಿಲ್ಲ. ಗೋವೆಗೆ ಹೋಗುವಾಗ, ಮಾಜಾಳಿಯ ಮದುವೆಗಳಿಗೆ ಹೋಗುವಾಗ, ಬಸ್ಸಿನ ಕಿಟಕಿಯಿಂದ ಎಡಕ್ಕೆ ಕಡಲು, ಬಲಕ್ಕೆ ಹೊಳೆ ಎಂದು ನೋಡಿದ್ದೇ ಹೊರತು, ನಡುವೆ ನಿಂತು ಇಳಿತದ ನೀರು ಕಂಬಗಳನ್ನು ಸುತ್ತಿಕೊಂಡು ಹೇಗೆ ಹೊರಡುತ್ತದೆ ಎಂದು ನೋಡಲಿಲ್ಲ. ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ ಬಂದಿದ್ದ ಯುವಕ ರವೀಂದ್ರನಾಥ ಟಾಗೋರರು ಬೆಳದಿಂಗಳಿನಲ್ಲಿ ಇದೇ ಹೊಳೆಯ ಮೇಲೆ ದೋಣಿಯಲ್ಲಿ ಹೋದ ಸಂಗತಿಯನ್ನು ಊರಿಗೆ ಬಂದವರಿಗೆಲ್ಲ ಹೇಳುವ ನಾವು, ಸ್ವತಃ ದೋಣಿ ಹತ್ತಿದ್ದು ಎಷ್ಟು ಸಲ? ಸಂಜೆಯ ಗೆಳೆಯರನ್ನು ಕೇಳಿದೆ. ಏಳು ಜನರಲ್ಲಿ ಒಬ್ಬರು ಮಾತ್ರ ಸೇತುವೆಯನ್ನು ನಡೆದು ದಾಟಿದ್ದರು, ಅದೂ ಸ್ಕೂಟರಿನ ಪೆಟ್ರೋಲ್ ಮುಗಿದು.

ಹೊಸ ಸೇತುವೆಯನ್ನಾದರೂ ನಡೆದು ದಾಟೋಣವೆಂದು ಒಂದು ಬೆಳಿಗ್ಗೆ ಹೊರಟೆ. ಗೋವೆಯ ಲಾರಿಗಳ ಸಾಲನ್ನು ನೋಡಿದ ಹೆಂಡತಿ, ಹೋಗುವುದಾದರೆ ಬಸ್ಸಿನಲ್ಲಿ, ಇಲ್ಲವಾದರೆ ಮನೆಗೆ ಎಂದು ನಿಂತುಬಿಟ್ಟಳು. ಬಸ್ಸಿನಲ್ಲಿಯೇ ಹೋದೆವು, ಅವಳಿಗೆ ಉಚಿತ, ನನಗೆ ಟಿಕೆಟ್. ಹಳೆಯ ಸೇತುವೆ ಇದ್ದ ಕಡೆಯ ಕಿಟಕಿಯ ಸೀಟು ಸಿಕ್ಕಿತು, ಕೆಳಗೆ ಭರ್ತಿಯ ನೀರು ಹೊಳೆಯ ಒಳಗೆ ನುಗ್ಗುತ್ತಿತ್ತು. ಸದಾಶಿವಗಡದಲ್ಲಿ ಮುಂದಿನ ಬಾಗಿಲಿನಿಂದ ಇಳಿಯುವಾಗ, ಯೋಚಿಸುವ ಮೊದಲೇ, “ಧನ್ಯವಾದ” ಎಂದುಬಿಟ್ಟೆ. ಚಾಲಕ ಗಾಬರಿಯಿಂದ ಬ್ರೇಕ್ ಅದುಮಿ ಹಿಡಿದು ನನ್ನ ಮುಖ ನೋಡಿದ.

“ಏನಾಯ್ತು ಯಜಮಾನ್ರೆ, ಚೀಲ ಬಿಟ್ರಾ?”